ಅವ್ವನ ಧ್ವನಿಯನ್ನು ಉಳಿಸಿಕೊಳ್ಳುವ ಬಗೆ

ಕಳೆದ ಶ್ರಾವಣ ಮಾಸದಲ್ಲಿ ಪುರಾಣ ಪ್ರವಚನದ ನಿಮಿತ್ತ ಕುಂದಗೋಳ ತಾಲೂಕಿನ ಒಂದು ಗ್ರಾಮಕ್ಕೆ ನಾವು ಹೋಗಿದ್ದೆವು. ಮಂಗಲವಾದ ಮೇಲೆ ಹಿರಿಯ ರೈತರೊಬ್ಬರು ವಸ್ತ್ರದಲ್ಲಿ ಸುತ್ತಿದ್ದ ಕ್ಯಾಸೆಟ್ಟೊಂದನ್ನು ನಮ್ಮ ಮುಂದಿಟ್ಟು, "ಅಜ್ಜಾರ, ಇದರಾಗ ನಮ್ಮವ್ವ ಹಾಡಿದ ವಚನ ಅದಾವ್ರಿ. ಅಕಿ ಲಿಂಗೈಕ್ಯ ಆಗಿ ಇಪ್ಪತ್ತು ವರ್ಷ ಆತು. ಇದನ್ನ ಉಳಿಸಿಕೊಳ್ಳಾಕ ಯಾವ ಮಷೀನು ತರಬೇಕ್ರಿ?" ಎಂದು ಕೇಳಿದರು.

ಆ ತಾಯಿಯ ಇನ್ನೊಂದು ಕ್ಯಾಸೆಟ್ಟನ್ನು ಅವರು ಮೊದಲೇ ಪಟ್ಟಣದ ಅಂಗಡಿಯೊಂದಕ್ಕೆ ಕೊಟ್ಟಿದ್ದರು. ಅಲ್ಲಿಯವರು ಸುರುಳಿಯ ಸುಯ್‌ಗುಟ್ಟುವಿಕೆಯನ್ನು ತೆಗೆಯುವ ಭರದಲ್ಲಿ ಧ್ವನಿಯ ಜೀವವನ್ನೂ ತೆಗೆದು ಪೆನ್‌ಡ್ರೈವಿಗೆ ಹಾಕಿಕೊಟ್ಟರು. ಮೂಲ ಕ್ಯಾಸೆಟ್ಟು ಮರಳಿ ಬರಲಿಲ್ಲ. ಕೇಳಿದರೆ ಕೊಡದೊಳಗಿಂದ ಯಾರೋ ಹಾಡಿದಂತಿತ್ತು. "ಅದು ನಮ್ಮವ್ವ ಅಲ್ರಿ" ಎಂದರು ಆ ಹಿರಿಯರು. ಆ ಮಾತು ನಮ್ಮನ್ನು ಬಹಳ ದಿನ ಕಾಡಿತು. ಬಲ್ಲವರನ್ನು ವಿಚಾರಿಸಿ, ನಾವೂ ಮಾಡಿ ನೋಡಿ ಅರಿತುದನ್ನು ಇಲ್ಲಿ ನಿವೇದಿಸುತ್ತೇವೆ.

ನಮ್ಮದು ನಾದಕ್ಕೆ ನೆಲೆಯಾದ ನಾಡು. ಸವಾಯಿ ಗಂಧರ್ವರು (1886–1952) ಬಾಳಿದ ಊರು ಕುಂದಗೋಳ. ಪಂಡಿತ ಬಸವರಾಜ ರಾಜಗುರುಗಳು (1917–1991) ಅದೇ ತಾಲೂಕಿನ ಯಲಿವಾಳದವರು. ಮಲ್ಲಿಕಾರ್ಜುನ ಮನ್ಸೂರರು (1910–1992) ಧಾರವಾಡದ ಸಮೀಪದ ಮನ್ಸೂರಿನವರು. ಇಂಥವರ ಧ್ವನಿ ಗ್ರಾಮಾಫೋನ್ ತಟ್ಟೆಗಳಲ್ಲಿ, ಆಕಾಶವಾಣಿಯ ಸುರುಳಿಗಳಲ್ಲಿ ಉಳಿದಿದೆ. ಆದರೆ ಮನೆಯ ತಾಯಿ ಹಾಡಿದ ವಚನ, ಊರ ಮಠದ ಪೂಜ್ಯರು ಆಡಿದ ಪ್ರವಚನ ಯಾವ ಕಚೇರಿಯಲ್ಲಿಯೂ ಇಲ್ಲ. ಅವುಗಳಿಗೆ ನೀವೇ ಭಂಡಾರಿಗಳು.

ಫ. ಗು. ಹಳಕಟ್ಟಿಯವರು (1880–1964) ಓಲೆಗರಿಗಳನ್ನು ಅರಸಿ ಅಲೆದು, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸದಿದ್ದರೆ ನಮ್ಮ ಪಾಡೇನಾಗುತ್ತಿತ್ತು? ಮಠದಲ್ಲಿ ಓದುವಾಗ ನಮಗೆ ಕಲಿಸಿದ ಮೊದಲ ಪಾಠವೆಂದರೆ, ಪ್ರತಿ ಮಾಡುವವನು ಇದ್ದುದನ್ನು ಇದ್ದಂತೆಯೇ ಬರೆಯಬೇಕು. ತಿದ್ದುಪಡಿಯೇನಿದ್ದರೂ ಬೇರೆ ಹಾಳೆಯಲ್ಲಿ. ಧ್ವನಿಗೂ ಇದೇ ನಿಯಮ. ಸದ್ದು ಶುದ್ಧ ಮಾಡುವ ಕೆಲಸವನ್ನು ಮೂಲಪ್ರತಿಯ ಮೇಲೆ ಮಾಡಲಾಗದು.

ಇನ್ನು ಸಲಕರಣೆಯ ಮಾತು. ಮೊದಲ ಹಣವನ್ನು ಕಂಪ್ಯೂಟರಿಗಲ್ಲ, ಕ್ಯಾಸೆಟ್ಟು ನುಡಿಸುವ ಯಂತ್ರಕ್ಕೆ ವಿನಿಯೋಗಿಸಿರಿ. ಯಂತ್ರ ಕೊಡದ ಧ್ವನಿಯನ್ನು ಕಂಪ್ಯೂಟರು ಎಲ್ಲಿಂದ ತಂದೀತು? ನೇರವಾಗಿ ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಪುಟ್ಟ ಪ್ಲೇಯರುಗಳಲ್ಲಿ ಸುರುಳಿ ಸಮವೇಗದಲ್ಲಿ ಓಡುವುದು ಅಪರೂಪ, ರಾಗ ಅಲುಗಾಡುತ್ತದೆ. ಅದಕ್ಕಿಂತ ಹಳೆಯ ಒಳ್ಳೆಯ ಟೇಪ್ ಡೆಕ್ ಒಂದನ್ನು ಹುಡುಕಿ, ಬೆಲ್ಟು ಮತ್ತು ರಬ್ಬರ್ ಉರುಳೆಗಳನ್ನು ಬದಲಿಸಿ, ಅದರ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿರಿ. ಹೆಡ್ಡಿನ ಪಕ್ಕದಲ್ಲೊಂದು ಸಣ್ಣ ತಿರುಪು ಇರುತ್ತದೆ. ಹೆಡ್ಡು ಕೊಂಚ ವಾರೆಯಾದರೂ ಧ್ವನಿ ಮಬ್ಬಾಗುತ್ತದೆ. ಸಕಾರ, ಶಕಾರಗಳು ಸ್ಪಷ್ಟವಾಗಿ ಕೇಳುವವರೆಗೆ ಬಲ್ಲವರಿಂದ ಅದನ್ನು ಹೊಂದಿಸಿಕೊಳ್ಳಬೇಕು.

ಎರಡನೆಯದು, ಧ್ವನಿಯನ್ನು ಅಂಕಿಗಳಾಗಿಸುವ ಆಡಿಯೋ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆ. ಡೆಕ್ಕಿನ 'ಲೈನ್ ಔಟ್' ಇದರ 'ಲೈನ್ ಇನ್'ಗೆ ಸೇರಬೇಕು. ಕಂಪ್ಯೂಟರಿನ ಮೈಕಿನ ರಂಧ್ರಕ್ಕೆ ಸಿಕ್ಕಿಸಬೇಡಿರಿ. ಅದು ಮೈಕಿನ ಕ್ಷೀಣ ಸಂಕೇತಕ್ಕಾಗಿ ಮಾಡಿದ್ದು, ಡೆಕ್ಕಿನ ಜೋರಿಗೆ ಧ್ವನಿ ಒಡೆಯುತ್ತದೆ. ಸೆಕೆಂಡಿಗೆ 48,000 ಸಲ ಅಳೆದು, ಒಂದೊಂದು ಅಳತೆಯನ್ನು 24 ಬಿಟ್‌ಗಳಲ್ಲಿ ಬರೆದುಕೊಳ್ಳುವಂತೆ ಹೊಂದಿಸಿರಿ. ಅತಿ ಏರಿದ ಸ್ವರವೂ ಸೊನ್ನೆಯ ಗೆರೆಗಿಂತ ಆರು ಡೆಸಿಬೆಲ್ ಕೆಳಗೇ ಇರಲಿ. ಗೆರೆ ದಾಟಿ ಕತ್ತರಿಸಿಹೋದ ಧ್ವನಿ ಮರಳಿ ಬಾರದು. ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. 'ವೇವ್' ರೂಪದಲ್ಲಿಯೇ ಉಳಿಸಿರಿ. ಒಂದು ಗಂಟೆಯ ಧ್ವನಿಗೆ ಸುಮಾರು ಒಂದು ಜಿಬಿ ಜಾಗ ಬೇಕು. ಮೊಮ್ಮಕ್ಕಳ ಮೊಬೈಲಿಗೆ ಕಳಿಸುವ ಎಂಪಿ3 ಪ್ರತಿಯನ್ನು ಅದರಿಂದ ತೆಗೆದುಕೊಳ್ಳಬಹುದು.

ಆರಂಭಿಸುವ ಮುನ್ನ ಕ್ಯಾಸೆಟ್ಟಿನ ಬೆನ್ನಿಗಿರುವ ಎರಡು ಪ್ಲಾಸ್ಟಿಕ್ ಚಿಪ್ಪುಗಳನ್ನು ಮುರಿಯಿರಿ. ಕೈತಪ್ಪಿಯೂ ಅದರ ಮೇಲೆ ಬೇರೆ ಧ್ವನಿ ಮುದ್ರಣವಾಗದು. ಯಂತ್ರವನ್ನು ಮೊದಲು ಬೇಡದ ಕ್ಯಾಸೆಟ್ಟಿನಿಂದ ಪರೀಕ್ಷಿಸಿರಿ. ಕಲಘಟಗಿಯ ಕಡೆಯಂತೆ ಮಳೆ ಹೆಚ್ಚಿರುವಲ್ಲಿ ಸುರುಳಿಗೆ ಬಿಳಿಯ ಬೂಷ್ಟು ಹಿಡಿದಿರಬಹುದು. ಅಂಥದ್ದನ್ನು ನುಡಿಸದೆ ಬಲ್ಲವರಿಗೆ ತೋರಿಸಿರಿ. ಕೆಲಸ ಮುಗಿದ ಮೇಲೆ ಹಾಡಿದವರ ಹೆಸರು, ಊರು, ವರ್ಷ ಬರೆದಿಡಿರಿ. ಮೂರು ಪ್ರತಿಗಳಿರಲಿ, ಒಂದು ಬೇರೆ ಊರಿನ ಬಂಧುಗಳ ಮನೆಯಲ್ಲಿರಲಿ. ಮೂಲ ಕ್ಯಾಸೆಟ್ಟನ್ನು ಎಂದಿಗೂ ಎಸೆಯದಿರಿ.

ಇಷ್ಟನ್ನೆಲ್ಲ ಮನೆಮನೆಯೂ ಕೊಳ್ಳಬೇಕಿಲ್ಲ. ಊರಿಗೊಂದು ಜೋಡಣೆ ಮಠದಲ್ಲಿದ್ದು, ತಿಳಿದ ಒಬ್ಬ ಯುವಕ ಅದನ್ನು ನೋಡಿಕೊಂಡರೆ ಸಾಕು. ಇದೂ ಒಂದು ದಾಸೋಹವೇ.

ಆ ಹಿರಿಯರ ಉಳಿದ ಕ್ಯಾಸೆಟ್ಟನ್ನು ಹೀಗೆಯೇ ಪ್ರತಿ ಮಾಡಿಸಿದೆವು. ಸುಯ್‌ಗುಟ್ಟುವಿಕೆ ಉಳಿಯಿತು, ನಡುವೆ ಕೂಗಿದ ಕೋಳಿಯೂ ಉಳಿಯಿತು. ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, "ಹೌದ್ರಿ ಅಜ್ಜಾರ, ಇಕಿ ನಮ್ಮವ್ವ" ಎಂದರು. ನಿಮ್ಮ ಮನೆಯ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಈ ತಿಂಗಳೇ ತೆರೆದು ನೋಡಿರಿ. ಶರಣು ಶರಣಾರ್ಥಿ.