ಬೆಲ್ಲಿಲ್ಲ, ಲೈಟಿಲ್ಲ, ಬೆಲೆ ಮಾತ್ರ 62 ಸಾವಿರ

ಬೆಂಗಳೂರಿನಲ್ಲಿ ಮೊದಲ ಸಲ ರೋಡ್ ಬೈಕ್ ಕೊಳ್ಳಲು ಹೊರಟವರಿಗೆ ಸಿಗುವ ಸಲಹೆಯಲ್ಲಿ ಮುಕ್ಕಾಲು ಪಾಲು ಜೇಬಿಗೆ ಕತ್ತರಿ, ಉಳಿದ ಕಾಲು ಪಾಲು ಮಂಡಿಗೆ ಏಟು. ಹೀಗೆ ಬರೆದರೆ ಭಾನುವಾರ ನನ್ನ ಜೊತೆ ನಂದಿ ಬೆಟ್ಟ ಹತ್ತುವ ಗೆಳೆಯರಿಗೆ ಸಿಟ್ಟು ಬರುತ್ತೆ ಅಂತ ಗೊತ್ತು. ಬರಲಿ ಬಿಡಿ. ವರ್ಷಗಟ್ಟಲೆ ಅದೇ ಮಾತು ಕೇಳಿ ಕೇಳಿ ನನಗೂ ಸಾಕಾಗಿದೆ. ‘ತೂಕ ಎಷ್ಟು?’ ‘ಫೋರ್ಕ್ ಕಾರ್ಬನ್ನಾ?’ ‘ಗ್ರೂಪ್‌ಸೆಟ್ ಯಾವುದು?’ ಹೊಸಬ ಬಂದು ನಿಂತ ತಕ್ಷಣ ನಾವು ಕೇಳುವ ಪ್ರಶ್ನೆಗಳು ಇವು. ‘ಹಿಂದೆ ಕೆಂಪು ಲೈಟ್ ಇದೆಯೇನಪ್ಪಾ?’ ಅಂತ ಕೇಳಿದವರು ಬೆರಳೆಣಿಕೆಯಷ್ಟು.

ರೋಡ್ ಬೈಕ್ ಅಂದರೇನು ಅಂತ ಗೊತ್ತಿಲ್ಲದವರಿಗೆ: ಬಾಗಿದ ಹ್ಯಾಂಡಲ್, ತೆಳ್ಳನೆಯ ಟೈರು. ಸ್ಟ್ಯಾಂಡಿಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡೂ ಇಲ್ಲ. ಟಾರು ರಸ್ತೆಯಲ್ಲಿ ವೇಗವಾಗಿ ಹೋಗೋಕೆ ಅಂತಲೇ ಮಾಡಿದ್ದು. ನಮ್ಮಜ್ಜಿ ಇದ್ದಿದ್ದರೆ ‘ಅರ್ಧ ಸಾಮಾನು ಅಂಗಡೀಲೇ ಬಿಟ್ಟು ಬಂದಿದ್ದೀಯಲ್ಲೋ’ ಅಂತಿದ್ದರು. ಅವರ ಮಾತು ಪೂರ್ತಿ ತಪ್ಪೂ ಆಗ್ತಿರಲಿಲ್ಲ.

ಈಚೆಗೆ ನಮ್ಮ ಆಫೀಸಿನ ಹುಡುಗನೊಬ್ಬ ತನ್ನ ಮೊದಲ ರೋಡ್ ಬೈಕಿನ ಬಿಲ್ ತೋರಿಸಿದ. ಸೈಕಲ್ 62 ಸಾವಿರ. ಕ್ಲಿಪ್‌ಲೆಸ್ ಪೆಡಲ್ಲು, ಅದಕ್ಕೆ ಹೊಂದುವ ಶೂ ಸೇರಿ 13,500. ಜಿಪಿಎಸ್ ಕಂಪ್ಯೂಟರ್ 15 ಸಾವಿರ. ಹೆಲ್ಮೆಟ್ 4 ಸಾವಿರ. ನೀರಿನ ಬಾಟಲಿ ಸಿಕ್ಕಿಸೋ ಕಾರ್ಬನ್ ಕೇಜ್ ಎರಡಕ್ಕೆ 3 ಸಾವಿರ. ಒಟ್ಟು 97,500. ಬಿಲ್ಲನ್ನು ಮೇಲಿಂದ ಕೆಳಗೆ ಎರಡು ಸಲ ಓದಿದೆ. ಲೈಟ್ ಇಲ್ಲ, ಪಂಪ್ ಇಲ್ಲ, ಒಂದು ಸ್ಪೇರ್ ಟ್ಯೂಬ್ ಇಲ್ಲ, ನೂರು ರೂಪಾಯಿಯ ಬೆಲ್ಲೂ ಇಲ್ಲ.

‘ಪಂಕ್ಚರ್ ಆದ್ರೆ ಏನ್ ಮಾಡ್ತೀಯಪ್ಪ?’ ಅಂದೆ.

‘ಕ್ಯಾಬ್ ಬುಕ್ ಮಾಡ್ತೀನಿ ಸಾರ್’ ಅಂದ.

ಹುಡುಗನದ್ದೇನೂ ತಪ್ಪಿಲ್ಲ. ಅಂಗಡಿಯವರು ಹೇಳಿದ್ದನ್ನ ತಗೊಂಡ, ಗುಂಪಿನ ಅಣ್ಣಂದಿರು ಹೇಳಿದ್ದನ್ನ ಸೇರಿಸಿಕೊಂಡ. ಸಿಟ್ಟು ಬರೋದು ಆ ಅಣ್ಣಂದಿರ ಮೇಲೆ. ನಮ್ಮ ಅಪ್ಪಂದಿರ ಕಾಲದಲ್ಲಿ ರಾತ್ರಿ ಹೊತ್ತು ಸೈಕಲ್ಲಿಗೆ ಲೈಟ್ ಇಲ್ಲ ಅಂದರೆ ಪೊಲೀಸರು ಹಿಡಿದು ಚಕ್ರದ ಗಾಳಿ ಬಿಡ್ತಿದ್ದರು. ಡೈನಮೋ ಕೆಟ್ಟರೆ ಜನ ಸೀಮೆಎಣ್ಣೆ ದೀಪವನ್ನಾದರೂ ಹ್ಯಾಂಡಲ್ಲಿಗೆ ನೇತು ಹಾಕ್ಕೊಂಡು ಹೋಗ್ತಿದ್ದರು. ಆಗಿನ ರಸ್ತೆಯಲ್ಲಿ ಎದುರಿಗೆ ಬರ್ತಿದ್ದದ್ದು ಎತ್ತಿನ ಗಾಡಿ. ಈಗ ಬೆಳಗಿನ ಐದಕ್ಕೆ ಬಳ್ಳಾರಿ ರಸ್ತೆಯಲ್ಲಿ ಹಿಂದಿನಿಂದ ಬರೋದು ಏರ್‌ಪೋರ್ಟಿಗೆ ತಡವಾದ ಟ್ಯಾಕ್ಸಿ, ಮುಂದೆ ಮರಳು ಲಾರಿ. ಜನವರಿಯಲ್ಲಿ ಬೆಂಗಳೂರಲ್ಲಿ ಸೂರ್ಯ ಹುಟ್ಟೋದೇ ಆರೂ ಮುಕ್ಕಾಲಿಗೆ. ಲೆಕ್ಕ ಹಾಕಿ, ಸುಮಾರು ಒಂದೂವರೆ ಗಂಟೆ ಕತ್ತಲಲ್ಲಿ ಈ ಹುಡುಗ ಕಪ್ಪು ಜೆರ್ಸಿ ಹಾಕ್ಕೊಂಡು, ಕಪ್ಪು ಸೈಕಲ್ ಮೇಲೆ ಹೋಗ್ತಾ ಇರ್ತಾನೆ. ಕೇಜ್ ಮಾತ್ರ ಕಾರ್ಬನ್ನು.

ಇನ್ನು ಈ ತೂಕದ ಹುಚ್ಚು. ಸ್ವಲ್ಪ ಗಣಿತ ಮಾಡೋಣ. ನಿಮ್ಮ ತೂಕ 74 ಕಿಲೋ, ಸೈಕಲ್ 11, ನೀರು, ಬಟ್ಟೆ, ಶೂ ಎಲ್ಲ ಸೇರಿ 3. ಒಟ್ಟು 88. ‘ಇನ್ನೊಂದು 25 ಸಾವಿರ ಹಾಕಿ ಸಾರ್, 1 ಕಿಲೋ ಕಮ್ಮಿ ಆಗುತ್ತೆ’ ಅಂತ ಅಂಗಡಿಯಲ್ಲಿ ಹೇಳ್ತಾರೆ. 88ರಲ್ಲಿ 1 ಅಂದರೆ ನೂರಕ್ಕೆ ಒಂದು ಚೂರು ಮೇಲೆ. ಕಡಿದಾದ ಏರಿನಲ್ಲಿ ನಮ್ಮ ಶಕ್ತಿ ಬಹುಪಾಲು ತೂಕ ಎತ್ತೋಕೇ ಹೋಗುತ್ತೆ, ಹಾಗಾಗಿ ಸಮಯವೂ ಹೆಚ್ಚು ಕಮ್ಮಿ ಅಷ್ಟೇ ಉಳಿಯುತ್ತೆ. ನಂದಿಯ ಬುಡದಿಂದ ಮೇಲೆ ಹೋಗೋಕೆ ಹೊಸಬರಿಗೆ 50 ನಿಮಿಷ ಬೇಕು ಅಂದುಕೊಂಡರೆ ಉಳಿತಾಯ ಅರ್ಧ ನಿಮಿಷ ಚಿಲ್ಲರೆ. ಕೊನೇ ತಿರುವಲ್ಲಿ ನಿಂತು ಸೆಲ್ಫಿ ತೆಗೆಯೋಕೆ ಅದರ ಎರಡರಷ್ಟು ಹೊತ್ತು ಬೇಕು. ಸಮತಟ್ಟು ರಸ್ತೆಯಲ್ಲಂತೂ ಆ 1 ಕಿಲೋ ಲೆಕ್ಕಕ್ಕೇ ಇಲ್ಲ, ಅಲ್ಲಿ ನಮ್ಮನ್ನ ಹಿಡಿದು ನಿಲ್ಲಿಸೋದು ಗಾಳಿ. ಅಂತರರಾಷ್ಟ್ರೀಯ ರೇಸುಗಳಲ್ಲಿ ಸೈಕಲ್ 6.8 ಕಿಲೋಗಿಂತ ಹಗುರ ಇರಕೂಡದು ಅಂತ ಯುಸಿಐ ನಿಯಮವೇ ಇದೆ. ಟೂರ್ ಡಿ ಫ್ರಾನ್ಸ್ ಓಡಿಸೋರಿಗೇ ಅಂಥ ಗೆರೆ ಎಳೆದಿದ್ದಾರೆ. ವಾರಕ್ಕೆ ಒಂದು ಸಲ ದೇವನಹಳ್ಳಿಯವರೆಗೆ ಹೋಗಿ ಇಡ್ಲಿ ವಡೆ ತಿಂದು ಬರೋ ನಮಗೆ ಗ್ರಾಮಿನ ಲೆಕ್ಕ ಯಾಕ್ರೀ?

ಏರಿನಲ್ಲಿ ಹೊಸಬರನ್ನ ಕಾಯೋದು ಗೇರು. ಇದನ್ನ ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಿ: ಮುಂದಿನ ಚಿಕ್ಕ ಚಕ್ರಕ್ಕೆ ಎಷ್ಟು ಹಲ್ಲು, ಹಿಂದಿನ ದೊಡ್ಡ ಚಕ್ರಕ್ಕೆ ಎಷ್ಟು ಹಲ್ಲು? ಮುಂದೆ 34, ಹಿಂದೆಯೂ 34 ಇದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಎರಡು ಮೀಟರ್ ಚಿಲ್ಲರೆ ಮುಂದೆ ಹೋಗುತ್ತೆ. ನಿಧಾನ, ಆದರೆ ಇಳಿಯದೆ ಹತ್ತಬಹುದು. ಹಿಂದೆ 28 ಇದ್ದರೆ ಅದೇ ಸುತ್ತಿಗೆ ಎರಡೂವರೆ ಮೀಟರ್ ದಾಟಬೇಕು. ನೋಡೋಕೆ ಅರ್ಧ ಮೀಟರ್, ಮಂಡಿಗೆ ಗೊತ್ತು ಅದರ ಭಾರ. ಹಿಂದಿನ ಹಲ್ಲಿನ ಗುಚ್ಛ ಬದಲಾಯಿಸೋ ಖರ್ಚು ಕಾರ್ಬನ್ನಿನ ಮುಂದೆ ಏನೇನೂ ಅಲ್ಲ. ಆದರೂ ಯಾರೂ ಹೇಳಲ್ಲ, ಯಾಕಂದರೆ ದೊಡ್ಡ ಹಲ್ಲು ನೋಡಿದರೆ ಗುಂಪಲ್ಲಿ ನಗ್ತಾರೆ.

ಅಳತೆಯ ವಿಷಯ ಇನ್ನೂ ಬೇಜಾರು. 54 ಸೈಜ್ ಬೇಕಾದವನಿಗೆ ‘56 ಸ್ಟಾಕ್ ಇದೆ ಸಾರ್, ಸೀಟ್ ಇಳಿಸಿಕೊಂಡ್ರೆ ಆಯ್ತು’ ಅಂತ ಹೊರಿಸಿ ಕಳಿಸಿದ್ದನ್ನ ಕಣ್ಣಾರೆ ನೋಡಿದ್ದೇನೆ. ಸೀಟ್ ಇಳಿಸಬಹುದು, ಹ್ಯಾಂಡಲ್ ಹತ್ತಿರ ಬರುತ್ತಾ? ಮೂರು ತಿಂಗಳು ಕತ್ತು ನೋವು, ಅಂಗೈ ಜೋಮು, ಆಮೇಲೆ ಸೈಕಲ್ ಬಾಲ್ಕನಿ ಸೇರುತ್ತೆ, ಅದರ ಮೇಲೆ ಟವೆಲ್ ಒಣಗುತ್ತೆ. ಸೀಟಿನ ಎತ್ತರಕ್ಕೆ ದುಡ್ಡಿಲ್ಲದ ಪರೀಕ್ಷೆ ಒಂದಿದೆ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಡಿ. ಮಂಡಿ ನೆಟ್ಟಗಾಗಬೇಕು, ಸೊಂಟ ಓಲಬಾರದು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಬೇಕಾದಷ್ಟೇ ಮಡಚಿಕೊಳ್ಳುತ್ತೆ.

ಟೈರು 28 ಮಿಲಿಮೀಟರಿಗಿಂತ ಸಣ್ಣದು ಬೇಡ. ‘ಸಣ್ಣದಾದಷ್ಟೂ ಫಾಸ್ಟು’ ಅನ್ನೋದು ಹಳೇ ಕಥೆ. ಹಿಂದೆ 23ರಲ್ಲಿ ಓಡ್ತಿದ್ದ ವೃತ್ತಿಪರರೇ ಈಗ 28ಕ್ಕೆ ಬಂದಿದ್ದಾರೆ, ಅದೂ ಯುರೋಪಿನ ನುಣುಪು ರಸ್ತೆಯಲ್ಲಿ. ಬಣ್ಣ ಬಳಿಯದ ಹಂಪು, ಮಳೆಗೆ ಬಾಯಿಬಿಟ್ಟ ಗುಂಡಿ ಇರೋ ನಮ್ಮೂರಲ್ಲಿ 23 ಹಾಕಿದರೆ ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಟ್ಯೂಬ್ ಸಿಕ್ಕಿಹಾಕಿಕೊಂಡು, ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತೆ.

ಪಂಕ್ಚರ್ ಆಯ್ತು ಅನ್ನಿ. ಹಳ್ಳಿಯ ಸೈಕಲ್ ಅಂಗಡಿಗೆ ತಳ್ಳಿಕೊಂಡು ಹೋಗ್ತೀರಿ. ಅಲ್ಲಿ ಅರವತ್ತು ದಾಟಿದ ಯಜಮಾನರು ನಿಮ್ಮ ಟ್ಯೂಬಿನ ಬಾಯಿ ನೋಡಿ ತಲೆ ಕೆರ್ಕೋತಾರೆ. ಅವರ ಪಂಪು ಹಳೇ ಸೈಕಲ್ಲಿನ ವಾಲ್ವಿಗೆ ಮಾಡಿದ್ದು. ನಿಮ್ಮದು ಪ್ರೆಸ್ಟಾ, ಪೆನ್ಸಿಲ್ ಮೊನೆಯಂತೆ ತೆಳ್ಳಗೆ, ತುದಿಯಲ್ಲಿ ತಿರುಪು. ಕೂರಲ್ಲ. ಪಕ್ಕದ ಬೈಕ್ ಪಂಕ್ಚರ್ ಅಂಗಡಿಯ ಕಂಪ್ರೆಸರ್ರೂ ಕೂರಲ್ಲ. ಈ ದೇಶದ ಊರೂರಲ್ಲೂ ಗಾಳಿ ಹೊಡೆಯೋರಿದ್ದಾರೆ, 62 ಸಾವಿರದ ಸೈಕಲ್ಲಿಗೆ ಮಾತ್ರ ಗಾಳಿ ಇಲ್ಲ! ಇದಕ್ಕೆ ಮದ್ದು ಬೆರಳ ತುದಿಯಷ್ಟು ಒಂದು ಹಿತ್ತಾಳೆ ಅಡಾಪ್ಟರ್. ಪ್ರೆಸ್ಟಾ ಮೇಲೆ ತಿರುಗಿಸಿ ಕೂರಿಸಿದರೆ ಅದು ಸ್ಕೂಟರ್ ವಾಲ್ವಿನಂತಾಗುತ್ತೆ, ಯಾವ ಕಂಪ್ರೆಸರ್ ಬೇಕಾದರೂ ಹಿಡಿಯುತ್ತೆ. ಹೊಡೆಸುವಾಗ ಒಂದೇ ಎಚ್ಚರ, ಸಣ್ಣ ಟ್ಯೂಬು, ಕಣ್ಣು ಮುಚ್ಚಿ ತೆಗೆಯೋದರೊಳಗೆ ತುಂಬುತ್ತೆ. 80 ಪಿಎಸ್‌ಐ ಆಸುಪಾಸಿಗೆ ನಿಲ್ಲಿಸಿ ಅನ್ನಿ. ಅಂಗಡಿಯವರು ಈ ಅಡಾಪ್ಟರನ್ನ ಪುಕ್ಕಟೆ ಕೊಟ್ಟರೂ ನಷ್ಟ ಆಗಲ್ಲ. ಬಹುಶಃ ಅದಕ್ಕೇ ಅದರ ಹೆಸರೆತ್ತಲ್ಲ, ಅದರಲ್ಲಿ ಲಾಭ ಇಲ್ಲವಲ್ಲ. ಅದರ ಜೊತೆ ಎರಡು ಟ್ಯೂಬು, ಟೈರು ಬಿಚ್ಚೋ ಪ್ಲಾಸ್ಟಿಕ್ ಲಿವರ್ರು, ಚಿಕ್ಕ ಪಂಪು, ಮುಂದೆ ಬಿಳಿ, ಹಿಂದೆ ಕೆಂಪು ಲೈಟು, ಒಂದು ಬೆಲ್ಲು. ಎಲ್ಲಾ ಸೇರಿ ಮೂರು, ನಾಲ್ಕು ಸಾವಿರದೊಳಗೆ ಮುಗಿಯುತ್ತೆ. ಮನೆಯಲ್ಲೇ ಒಂದು ಸಲ ಟ್ಯೂಬ್ ಬದಲಾಯಿಸಿ ನೋಡಿ, ಕೈ ಮಸಿಯಾಗುತ್ತೆ, ಪರವಾಗಿಲ್ಲ.

ಕ್ಲಿಪ್‌ಲೆಸ್ ಪೆಡಲ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. 1985ರ ಟೂರ್ ಡಿ ಫ್ರಾನ್ಸನ್ನು ಬರ್ನಾರ್ಡ್ ಇನೋ ಅಂಥದ್ದನ್ನೇ ಹಾಕಿಕೊಂಡು ಗೆದ್ದದ್ದು. (ಶೂ ಕಚ್ಚಿಕೊಳ್ಳೋ ಪೆಡಲ್ಲಿಗೆ ‘ಕ್ಲಿಪ್ ಇಲ್ಲದ್ದು’ ಅಂತ ಹೆಸರಿಟ್ಟ ಪುಣ್ಯಾತ್ಮರು ಯಾರೋ.) ಆದರೆ ಇನೋಗೆ ಮೇಖ್ರಿ ಸರ್ಕಲ್ ಸಿಗ್ನಲ್ ಇರಲಿಲ್ಲ. ಹೊಸಬರು ಸಿಗ್ನಲ್ಲಲ್ಲಿ ಕಾಲು ಬಿಡಿಸಿಕೊಳ್ಳಲಾಗದೆ ನಿಂತಲ್ಲೇ ಮರ ಬಿದ್ದಂತೆ ಪಕ್ಕಕ್ಕೆ ಬೀಳ್ತಾರೆ. ಪಕ್ಕದಲ್ಲಿ ಬಸ್ಸಿರಬಹುದು. ಮೊದಲ ಆರು ತಿಂಗಳು ಸಾದಾ ಪೆಡಲ್ಲು, ಮನೆಯಲ್ಲಿರೋ ಶೂ ಸಾಕು. ಆ ದುಡ್ಡಲ್ಲಿ ಒಂದು ಒಳ್ಳೆ ಪ್ಯಾಡ್ ಇರೋ ಚಡ್ಡಿ ತಗೊಳ್ಳಿ. ಅದರೊಳಗೆ ಬೇರೆ ಒಳಚಡ್ಡಿ ಹಾಕಬಾರದು. ನಾಚಿಕೆಯಿಂದ ಯಾರೂ ಹೇಳದೆ ಎಷ್ಟೋ ಜನ ತೊಡೆ ಸುಲಿಸಿಕೊಂಡಿದ್ದಾರೆ, ಅದಕ್ಕೇ ಹೇಳಿದೆ.

ಹೆಲ್ಮೆಟ್ಟಿಗೆ ಒಳಗೆ ಇಎನ್ 1078 ಅಥವಾ ಸಿಪಿಎಸ್‌ಸಿ ಅಂತ ಗುರುತಿದೆಯಾ ನೋಡಿ. ಎರಡು ಸಾವಿರದ್ದೂ ಇಪ್ಪತ್ತು ಸಾವಿರದ್ದೂ ಪಾಸಾಗಬೇಕಾದ್ದು ಅದೇ ಪರೀಕ್ಷೆ. ಒಂದು ಸಲ ಜೋರಾಗಿ ಬಿದ್ದರೆ ಬಿಸಾಕಿ.

‘ಒಂದೇ ಸಲ ಒಳ್ಳೇದು ತಗೊಂಡ್ರೆ ಆಮೇಲೆ ಅಪ್‌ಗ್ರೇಡ್ ಖರ್ಚು ಉಳಿಯುತ್ತೆ’ ಅನ್ನೋ ವಾದ ಇದೆ. ಕೇಳೋಕೆ ಚೆನ್ನಾಗಿದೆ. ಆದರೆ ಹೊಸಬನಿಗೆ ತಾನು ಬೆಟ್ಟ ಹತ್ತೋನಾ, ಇನ್ನೂರು ಕಿಲೋಮೀಟರ್ ಬ್ರೆವೆ ಓಡೋನಾ, ಸುಮ್ಮನೆ ಆಫೀಸಿಗೆ ಹೋಗೋನಾ ಅಂತಲೇ ಇನ್ನೂ ಗೊತ್ತಿರಲ್ಲ. ಅವನ ಪರವಾಗಿ ನಾವು ಯಾಕೆ ತೀರ್ಮಾನಿಸಬೇಕು? ಇನ್ನೊಂದು, ಲಕ್ಷ ಇಲ್ಲದೋರು ಈ ಮಾತು ಕೇಳಿ ಸುಮ್ಮನೆ ವಾಪಸ್ ಹೋಗ್ತಾರೆ. ಹಾಗೆ ಹೋದ ಒಬ್ಬ ಎಲೆಕ್ಟ್ರಿಷಿಯನ್ ನನಗೆ ಗೊತ್ತು. ದಿನಾ ಹಳೇ ಸ್ಟೀಲ್ ಸೈಕಲ್ಲಲ್ಲಿ ಯಲಹಂಕದಿಂದ ಮಲ್ಲೇಶ್ವರಕ್ಕೆ ಕೆಲಸಕ್ಕೆ ಹೋಗಿಬರೋನು. ನಮ್ಮಲ್ಲಿ ಅನೇಕರಿಗಿಂತ ಗಟ್ಟಿ ಕಾಲು. ಗುಂಪಿಗೆ ಒಂದೇ ಭಾನುವಾರ ಬಂದ. ಅವನ ಸೈಕಲ್ ನೋಡಿ ಯಾರೋ ‘ಇದ್ರಲ್ಲಾ?’ ಅಂದರು. ಅವನ ಕ್ಯಾರಿಯರ್ ಕೆಳಗೆ ಮಾತ್ರ ಕೆಂಪು ಲೈಟು ಮಿಣುಕ್ತಾ ಇತ್ತು.

ಹೆಲ್ಮೆಟ್ ಇಲ್ಲದೆ ಬಂದೋರನ್ನ ಸೇರಿಸದ ಗುಂಪುಗಳು ಈ ಊರಲ್ಲಿ ಬೇಕಾದಷ್ಟಿವೆ, ಒಳ್ಳೇದು. ಇನ್ನು ಮೇಲೆ ಬೆಳಗಿನ ಐದಕ್ಕೆ ಹೆಬ್ಬಾಳದಲ್ಲಿ ಸೇರಿದಾಗ ಮುಂದಾಳುಗಳು ಸೈಕಲ್ಲುಗಳ ಹಿಂದೆಯೂ ಒಂದು ಸುತ್ತು ಹಾಕಿ ಬರಲಿ. ಕೆಂಪು ಲೈಟ್ ಉರೀತಿಲ್ಲ ಅಂದರೆ ‘ಬೆಳಕಾಗೋವರೆಗೆ ಇಲ್ಲೇ ಕಾಫಿ ಕುಡೀತಾ ಕೂತಿರಿ’ ಅನ್ನಲಿ, ಸೈಕಲ್ ಎರಡು ಲಕ್ಷದ್ದಾದರೂ ಸರಿ.