ಲಿಂಕ್ ಕಳಿಸಿದರೆ ಸಾಲದು

ಅಭ್ಯಾಸ ಬೋಧನೆಗೆ ನಾನು ಹೋದದ್ದು ದೊಡ್ಡಗದ್ದವಳ್ಳಿ ಸುತ್ತಲಿನ ಒಂದು ಪ್ರೌಢಶಾಲೆಗೆ. 10ನೇ ತರಗತಿ, ಓಮ್‌ನ ನಿಯಮ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ದೀಕ್ಷಾದಲ್ಲಿ ವಿಡಿಯೊ ತೋರಿಸುವುದೆಂದು ಪಾಠಯೋಜನೆಯಲ್ಲಿ ಬರೆದಿದ್ದೆ. ನೆಟ್‌ವರ್ಕ್ ಸಿಗಲಿಲ್ಲ. 10 ನಿಮಿಷ ಮೊಬೈಲ್ ಹಿಡಿದು ಕಿಟಕಿ ಬಳಿ ನಿಂತದ್ದೇ ಬಂತು.

ಅದಕ್ಕೂ ಮೊದಲು ಅಲ್ಲಿನ ವಿಜ್ಞಾನ ಮೇಡಂಗೆ ವಾಟ್ಸ್‌ಆ್ಯಪ್‌ನಲ್ಲಿ 12 ಲಿಂಕ್ ಕಳಿಸಿದ್ದೆ. “ಎಲ್ಲ ನೋಡೋಕೆ ಪುರುಸೊತ್ತೆಲ್ಲಮ್ಮ? ಯಾವ ಪಾಠಕ್ಕೆ ಯಾವುದು ಅಂತ ಹೇಳು” ಎಂದರು.

ಮರುದಿನ ಫೆಟ್‌ನ ವಿದ್ಯುನ್ಮಂಡಲ ಸಿಮ್ಯುಲೇಷನ್ನನ್ನು ಮನೆಯಲ್ಲೇ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡು ಹೋದೆ. ಒಮ್ಮೆ ಇಳಿಸಿಕೊಂಡರೆ ಅದಕ್ಕೆ ಇಂಟರ್ನೆಟ್ ಬೇಡ. ರೋಧ ಬದಲಿಸದೆ ವಿಭವಾಂತರ ಎರಡರಷ್ಟು ಮಾಡಿದಾಗ ವಿದ್ಯುತ್ ಪ್ರವಾಹವೂ ಎರಡರಷ್ಟಾದದ್ದನ್ನು ಮಕ್ಕಳೇ ಓದಿ ಬರೆದುಕೊಂಡರು. ಪಾಠ ಮುಗಿದ ಮೇಲೆ ಮೇಡಂ ಪೆನ್‌ಡ್ರೈವ್ ಕೊಟ್ಟರು.

ಜಿಯೋಜೀಬ್ರಾ ಇರಲಿ, ಫೆಟ್ ಇರಲಿ, ಹೆಸರು ಹೇಳಿದ ಮಾತ್ರಕ್ಕೆ ಹಂಚಿಕೊಂಡಂತಾಗದು. ಯಾವ ಪಾಠಕ್ಕೆ, ಎಷ್ಟು ನಿಮಿಷ, ನೆಟ್ ಬೇಕೇ, ನನಗೆ ಎಲ್ಲಿ ಕೈಕೊಟ್ಟಿತು ಎಂಬ ನಾಲ್ಕು ಮಾತು ಜೊತೆಗಿರಬೇಕು. ಕೊನೆಯದನ್ನು ನಾವು ಪ್ರಶಿಕ್ಷಣಾರ್ಥಿಗಳು ಬರೆಯುವುದಿಲ್ಲ; ಅಂಕ ಹೋದೀತೆಂಬ ಭಯ. ಮುಂದಿನವರಿಗೆ ಹೆಚ್ಚು ಉಪಯೋಗವಾಗುವುದು ಅದೇ. ಪಾಠಯೋಜನೆಯಲ್ಲಿ ಅದಕ್ಕೂ ಒಂದು ಕಲಂ ಇರಲಿ, ಬರೆದದ್ದಕ್ಕೆ ಅಂಕ ಕಡಿಯದಿರಲಿ ಎಂದು ನಮ್ಮ ಗುರುಗಳಲ್ಲಿ ವಿನಂತಿ.