ಸ್ತನ ಇಂಪ್ಲಾಂಟ್: ಅಡ್ವಾನ್ಸ್ ಕಟ್ಟುವ ಮೊದಲು

ಹೋದ ಶ್ರಾವಣದ ಒಂದು ಭಾನುವಾರ ಕಮಲಾಪುರದಿಂದ ತಂಗಿ ಬಂದಿದ್ದಳು. ಕೈಯಲ್ಲಿ ಒಂದು ಡಜನ್ ಕೆಂಪು ಬಾಳೆಹಣ್ಣು, ಮುಖದಲ್ಲಿ ಏನೋ ಹೇಳಬೇಕು ಅನ್ನುವ ತಳಮಳ. ತಂಗಿ ಅಂದರೆ ನಮ್ಮ ಚಿಗವ್ವನ ಮಗಳು. ವಯಸ್ಸು 27. ಕಲಬುರಗಿಯ ಒಂದು ಬ್ಯಾಂಕಿನಲ್ಲಿ ಕೆಲಸ, ದಿನಾ ಬಸ್ಸಿನಲ್ಲಿ ಓಡಾಟ. ಚಹಾ ಕುಡಿದಾದ ಮೇಲೆ ಬಾಗಿಲು ಮುಂದಕ್ಕೆ ಮಾಡಿ, ಫೋನ್ ನನ್ನ ಕೈಗಿಟ್ಟಳು.

“ಅಕ್ಕ, ಇದು ಮಾಡಿಸ್ಕೋಬೇಕಂತ ಮಾಡೀನಿ. ಅವ್ವಗ ಹೇಳಬ್ಯಾಡ.”

ನೋಡಿದರೆ ಸ್ತನ ದೊಡ್ಡದು ಮಾಡುವ ಆಪರೇಷನ್ನಿನ ಜಾಹೀರಾತು. ಬೆಳಿಗ್ಗೆ ಬಂದು ಸಂಜೆ ಮನೆಗೆ, ಜೀವನಪೂರ್ತಿ ಗ್ಯಾರಂಟಿ, ಸುಲಭ ಕಂತು. ಅವಳು ಆಗಲೇ 20 ಸಾವಿರ ಅಡ್ವಾನ್ಸ್ ಕಟ್ಟಿ ಬಂದಿದ್ದಳು.

ನನ್ನ ಬಾಯಲ್ಲಿ ಮೊದಲು ಬಂದಿದ್ದು ಬೈಗುಳವೇ. “ಯಾರಾದ್ರೂ ಹುಡುಗ ಏನಾದ್ರೂ ಅಂದ್ನೇನು?” ಅಂದೆ. ಅವಳ ಕಣ್ಣು ತುಂಬಿತು.

“ಹುಡುಗಗಲ್ಲ ಅಕ್ಕ, ನನಗ. ಹತ್ತನೇತ್ತಿಂದ ದುಪಟ್ಟಾಕ್ಕ ಪಿನ್ ಚುಚ್ಚಿಕೊಂಡು ಓಡಾಡೀನಿ. ಬ್ಲೌಸ್ ಹೊಲಿಸ್ಲಾಕ ಹೋಗಬೇಕಂದ್ರ ಹೊಟ್ಟಿ ಕಲಸ್ತದ. ನೀ ಬೈತಿ ಅಂತ ಗೊತ್ತಿತ್ತು. ಬೈದ ಮ್ಯಾಲ ಜೋಡಿ ಬರ್ತಿ ಅಂತನೂ ಗೊತ್ತದ.”

ಜೋಡಿ ಹೋದೆ. ಅಲ್ಲಿ ತಿಳಿದದ್ದನ್ನು, ಮತ್ತು ನಾನು ಮುಚ್ಚಿಟ್ಟಿದ್ದ ಒಂದು ಮಾತನ್ನು ಇವತ್ತು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ದೇಹದ ವಿಷಯ ನಿಮ್ಮ ಡಾಕ್ಟರೇ ಹೇಳಬೇಕು.

ಫೋನಿನಲ್ಲಿ ಮೂರು ಪ್ರಶ್ನೆ

ಮೊದಲು ಆ ಕ್ಲಿನಿಕ್ಕಿಗೆ ಫೋನ್ ಹಚ್ಚಿದೆವು. ಮೂರೇ ಪ್ರಶ್ನೆ ಕೇಳಿದೆ. ಆಪರೇಷನ್ ಮಾಡುವವರು ಯಾರು? ಹಾಕುವುದು ಯಾವ ಕಂಪನಿಯದು? ಅರಿವಳಿಕೆ ಡಾಕ್ಟರ್ ಕೊನೆತನಕ ಇರ್ತಾರಾ? ಮೂರಕ್ಕೂ ಬಂದ ಉತ್ತರ ಒಂದೇ: “ಮೇಡಂ, ಇವತ್ತು ಕನ್ಫರ್ಮ್ ಮಾಡಿದ್ರೆ ಆಫರ್ ಇದೆ.”

ನನಗೆ ನೆನಪಾದದ್ದು 2022ರ ಮೇ ತಿಂಗಳ ಸುದ್ದಿ. ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಆಪರೇಷನ್ನಿಗೆ ಹೋದ 21 ವರ್ಷದ ಕಿರುತೆರೆ ನಟಿ ತೀರಿಕೊಂಡಿದ್ದಳು. ಮನೆಯವರಿಗೆ ಹೇಳದೇ ಹೋಗಿದ್ದಳು ಅಂತ ಪೇಪರಿನಲ್ಲಿ ಬಂದಿತ್ತು. ಅದು ಬೇರೆ ಆಪರೇಷನ್, ನಿಜ. ಆದರೆ ಅಂದಕ್ಕೆ ಮಾಡಿಸಿದರೂ ಆಪರೇಷನ್ ಆಪರೇಷನ್ನೇ. ಅರಿವಳಿಕೆ, ರಕ್ತಸ್ರಾವ, ಸೋಂಕು ಎಲ್ಲದರ ಅಪಾಯವೂ ಜೊತೆಗೇ ಬರುತ್ತದೆ.

ಅಡ್ವಾನ್ಸ್ ವಾಪಸ್ ಬರಲಿಲ್ಲ. ಹೋಗಲಿ ಅಂತ ಬಿಟ್ಟೆವು. ಎಂಬಿಬಿಎಸ್, ಎಂಎಸ್ ಆದ ಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿದವರನ್ನೇ ಹುಡುಕಿದೆವು. ‘ಕಾಸ್ಮೆಟಿಕ್ ಎಕ್ಸ್‌ಪರ್ಟ್’ ಅಂತ ಬೋರ್ಡ್ ಹಾಕಿಕೊಂಡ ಮಾತ್ರಕ್ಕೆ ಆ ಓದು ಆಗಿದೆ ಅಂತಲ್ಲ. ಕಲಬುರಗಿಯಲ್ಲೇ ತೋರಿಸಬಹುದಿತ್ತು. ಆದರೆ ಆಸ್ಪತ್ರೆ ಬಾಗಿಲಲ್ಲಿ ಯಾರಾದರೂ ಗುರುತಿನವರು ಸಿಕ್ಕು, ನಾವು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟುತ್ತದೆ ಅನ್ನುವ ಅಂಜಿಕೆ. ಹೈದರಾಬಾದ್ ರೈಲು ಹತ್ತಿದೆವು.

ಒಳಗೆ ಇಡುವುದು ಏನು?

ಡಾಕ್ಟರಮ್ಮ ವಯಸ್ಸಾದವರು, ಗಡಿಬಿಡಿ ಇಲ್ಲದವರು. ಮೇಜಿನ ಮೇಲೆ ಎರಡು ಇಂಪ್ಲಾಂಟ್ ಇಟ್ಟು, ಒತ್ತಿ ನೋಡಿ ಅಂದರು. ಹೊರಗಿನ ಚೀಲ ಎರಡಕ್ಕೂ ಸಿಲಿಕಾನಿನದೇ. ಒಳಗೆ ಒಂದರಲ್ಲಿ ಸಿಲಿಕಾನ್ ಜೆಲ್, ಇನ್ನೊಂದರಲ್ಲಿ ಉಪ್ಪುನೀರು, ಅಂದರೆ ಸಲೈನ್.

ಜೆಲ್ ಮುಟ್ಟಿದರೆ ಮೈಯಂತೆಯೇ ಮೆತ್ತಗೆ. ಆದರೆ ಒಡೆದರೆ ಹೊರಗಿನಿಂದ ಗೊತ್ತಾಗದೇ ಇರಬಹುದು. ಸಲೈನ್ ಒಡೆದರೆ ನೀರನ್ನು ದೇಹ ಹೀರಿಕೊಳ್ಳುತ್ತದೆ, ಒಂದು ಬದಿ ಇಳಿದುಬಿಡುತ್ತದೆ, ಕೂಡಲೇ ತಿಳಿಯುತ್ತದೆ. ತೆಳ್ಳಗಿರುವವರಲ್ಲಿ ಸಲೈನಿನ ಸುಕ್ಕು ಕೈಗೆ ಹತ್ತುವುದೂ ಉಂಟು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಂದಕ್ಕಾಗಿ ಮಾಡಿಸುವವರಿಗೆ ಸಲೈನ್ 18 ವರ್ಷದ ಮೇಲೆ, ಜೆಲ್ 22ರ ಮೇಲೆ ಅಂತ ಮಿತಿ ಇಟ್ಟಿದೆ.

ಆಕಾರದಲ್ಲೂ ಎರಡು: ದುಂಡಗಿನದು, ಹನಿಯ ಆಕಾರದ್ದು. ಮೇಲ್ಮೈಯಲ್ಲೂ ಎರಡು: ನುಣುಪು, ಒರಟು. ಈ ಒರಟಿನ ಬಗ್ಗೆ ಡಾಕ್ಟರ್ ಒತ್ತಿ ಹೇಳಿದರು. ಇಂಪ್ಲಾಂಟ್ ಸುತ್ತ ಬರುವ ಒಂದು ಅಪರೂಪದ ಲಿಂಫೋಮಾ ಕ್ಯಾನ್ಸರಿಗೆ ಒರಟು ಮೇಲ್ಮೈಯ ನಂಟು ಕಂಡುಬಂದು, 2019ರಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಇಂಪ್ಲಾಂಟುಗಳನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಿತು. ಅದಕ್ಕೂ ಮೊದಲು, 2010ರಲ್ಲಿ, ಫ್ರಾನ್ಸಿನ ಪಿಐಪಿ ಕಂಪನಿ ಕಾರ್ಖಾನೆ ಕೆಲಸದ ಅಗ್ಗದ ಸಿಲಿಕಾನ್ ತುಂಬಿ ಮಾರಿದ್ದು ಬಯಲಾಗಿತ್ತು. ಆಮೇಲೆ ಮಾಲೀಕನಿಗೆ ಜೈಲುಶಿಕ್ಷೆಯಾಯಿತು. ಆದ್ದರಿಂದ ಕಂಪನಿ ಹೆಸರು ಕೇಳುವುದು ಡಾಕ್ಟರಿಗೆ ಅವಮಾನ ಮಾಡಿದಂತೆ ಅಲ್ಲ.

ಇಂಪ್ಲಾಂಟನ್ನು ಹಾಲಿನ ಗ್ರಂಥಿಯ ಕೆಳಗೆ ಇಡಬಹುದು, ಎದೆಯ ಸ್ನಾಯುವಿನ ಕೆಳಗೂ ಇಡಬಹುದು. ಸ್ನಾಯುವಿನ ಕೆಳಗಿಟ್ಟರೆ ಮೊದಮೊದಲು ನೋವು ಹೆಚ್ಚು. ಆದರೆ ತೆಳ್ಳಗಿರುವವರಲ್ಲಿ ಅಂಚು ಎದ್ದು ಕಾಣುವುದಿಲ್ಲ. ಗಾಯದ ಗೆರೆ ಸ್ತನದ ಕೆಳಗಿನ ಮಡಿಕೆಯಲ್ಲಿ, ಕಂಕುಳಲ್ಲಿ ಅಥವಾ ತೊಟ್ಟಿನ ಸುತ್ತ ಬರುತ್ತದೆ. ಮುಂದೆ ಮಗುವಿಗೆ ಹಾಲುಣಿಸುವ ಆಸೆ ಇದ್ದರೆ ತೊಟ್ಟಿನ ಸುತ್ತ ಕೊಯ್ಯುವ ಬಗ್ಗೆ ಎರಡು ಸಲ ಯೋಚಿಸಬೇಕು. ಇಂಪ್ಲಾಂಟ್ ಇದ್ದ ಬಹಳ ಮಂದಿ ಹಾಲುಣಿಸುತ್ತಾರೆ, ಕೆಲವರಿಗೆ ಹಾಲು ಕಡಿಮೆಯಾಗುತ್ತದೆ.

“ನಂದೇ ಕೊಬ್ಬು ತಗದು ತುಂಬ್ಲಾಕ ಬರಂಗಿಲ್ಲೇನ್ರಿ?” ಅಂತ ತಂಗಿ ಕೇಳಿದಳು. ಬರುತ್ತದೆ. ಆದರೆ ತುಂಬಿದ್ದರಲ್ಲಿ ಒಂದು ಪಾಲನ್ನು ದೇಹವೇ ಕರಗಿಸಿಬಿಡುತ್ತದೆ, ಗಾತ್ರ ಹೆಚ್ಚುವುದು ಸ್ವಲ್ಪವೇ. ನಮ್ಮ ತಂಗಿಯಂಥ ಕಡ್ಡಿಯ ಮೈಯಲ್ಲಿ ತೆಗೆಯಲು ಕೊಬ್ಬಾದರೂ ಎಲ್ಲಿದೆ!

ಆಪರೇಷನ್ ಆದ ಮೇಲೆ

ಪೂರ್ತಿ ಅರಿವಳಿಕೆ ಕೊಟ್ಟು ಒಂದೆರಡು ತಾಸಿನ ಕೆಲಸ. ಅದೇ ದಿನ ಇಲ್ಲವೇ ಮರುದಿನ ಮನೆಗೆ ಕಳಿಸುತ್ತಾರೆ. ಮೊದಲ ಕೆಲವು ದಿನ ಎದೆ ಬಿಗಿದು ಕಟ್ಟಿದಂತೆ, ಕೈ ಎತ್ತಲು ಕಷ್ಟ. ಕೂತು ಮಾಡುವ ಕೆಲಸಕ್ಕೆ ಒಂದು ವಾರದ ಹೊತ್ತಿಗೆ ಹೋಗಬಹುದು. ನೀರಿನ ಕೊಡ, ಸಿಲಿಂಡರ್, ಜಿಮ್ಮಿನ ತೂಕ ಎಲ್ಲ ನಾಲ್ಕರಿಂದ ಆರು ವಾರ ಬಂದ್. ನಿಜವಾದ ಆಕಾರ ತಿಳಿಯಲು ಕೆಲವು ತಿಂಗಳೇ ಬೇಕು. ಗಾಯದ ಗೆರೆ ತಿಳಿಯಾಗಲು ವರ್ಷ ಹಿಡಿಯಬಹುದು. ತೊಟ್ಟಿನ ಸ್ಪರ್ಶ ಕೆಲವರಿಗೆ ಜೋಮು ಹಿಡಿದಂತೆ ಆಗುತ್ತದೆ. ಅದು ತಾತ್ಕಾಲಿಕ ಇರಬಹುದು, ಶಾಶ್ವತವೂ ಆಗಬಹುದು.

ಹೊರಗಿನ ವಸ್ತು ಒಳಗೆ ಬಂದಾಗ ದೇಹ ಅದರ ಸುತ್ತ ಪೊರೆ ಕಟ್ಟುತ್ತದೆ. ಇದು ಎಲ್ಲರಿಗೂ ಆಗುವಂಥದ್ದು. ಕೆಲವರಲ್ಲಿ ಆ ಪೊರೆ ಬಿಗಿಯಾಗಿ ಸ್ತನ ಕಲ್ಲಿನಂತೆ ಗಟ್ಟಿಯಾಗುತ್ತದೆ, ನೋಯುತ್ತದೆ. ಆಗ ಮತ್ತೆ ಆಪರೇಷನ್.

“ಜಾಹೀರಾತಿನ್ಯಾಗ ಜೀವನಪೂರ್ತಿ ಗ್ಯಾರಂಟಿ ಅಂದಿದ್ರು” ಅಂದಳು ತಂಗಿ.

ಡಾಕ್ಟರಮ್ಮ ನಕ್ಕುಬಿಟ್ಟರು. ಒಡೆದರೆ ಕಂಪನಿ ಹೊಸ ಇಂಪ್ಲಾಂಟ್ ಕೊಟ್ಟೀತು, ಎದೆ ಕೊಯ್ಯಿಸಿಕೊಳ್ಳುವವಳು ನೀನೇ ಅಲ್ಲವಾ ಅಂದರು. ಇಂಪ್ಲಾಂಟ್ ಜೀವನಪೂರ್ತಿ ಬರುವ ವಸ್ತುವಲ್ಲ. ಎಂಟರಿಂದ ಹತ್ತು ವರ್ಷದೊಳಗೆ ಐವರಲ್ಲಿ ಒಬ್ಬರು ತೆಗೆಸಬೇಕಾಗಿ ಬರಬಹುದು ಅನ್ನುತ್ತದೆ ಎಫ್‌ಡಿಎ. ಜೆಲ್ ಹಾಕಿಸಿಕೊಂಡವರು ಐದಾರು ವರ್ಷಕ್ಕೆ ಮೊದಲ ಸಲ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿ ಒಡೆದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು ಅಂತಲೂ ಅದರ ಸಲಹೆ. 27ಕ್ಕೆ ಹಾಕಿಸಿಕೊಂಡವಳು ಬದುಕಿನಲ್ಲಿ ಇನ್ನೂ ಒಂದೆರಡು ಸಲವಾದರೂ ಆಪರೇಷನ್ ಟೇಬಲ್ ಹತ್ತಬೇಕಾದೀತು. ಕಂತು ಲೆಕ್ಕ ಹಾಕುವಾಗ ಈ ಖರ್ಚನ್ನೂ ಸೇರಿಸಬೇಕು. ಅಂದಕ್ಕಾಗಿ ಮಾಡಿಸಿದ್ದಕ್ಕೆ ಆರೋಗ್ಯ ವಿಮೆ ಕಾಸು ಕೊಡುವುದಿಲ್ಲ.

ಆ ಒಂದು ಕಾಲಂ

ಇದೆಲ್ಲ ಆದ ಮೇಲೆ ನರ್ಸ್ ಒಂದು ಫಾರ್ಮ್ ತಂದುಕೊಟ್ಟಳು. ಬಿಪಿ, ಶುಗರ್, ಸಿಗರೇಟ್, ಅಲರ್ಜಿ. ಕೊನೆಯ ಕಡೆ: ಮನೆತನದಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಆಗಿದೆಯೇ? ತಂಗಿ ಬಡಬಡ ‘ಇಲ್ಲ’ ಅಂತ ಗುರುತು ಹಾಕಿದಳು. ಅವಳಿಗೆ ಗೊತ್ತಿರಲಿಲ್ಲ.

ನನಗೆ ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ, 46ನೇ ವಯಸ್ಸಿಗೆ, ನನ್ನ ಅವ್ವನಿಗೇ ಆಗಿತ್ತು. ಅಂದರೆ ತಂಗಿಗೆ ದೊಡ್ಡವ್ವ. ಬೆಂಗಳೂರಿನ ಕಿದ್ವಾಯಿಯಲ್ಲಿ ಎಡ ಸ್ತನ ಪೂರ್ತಿ ತೆಗೆದರು. ಕಮಲಾಪುರದಲ್ಲಿ ನಾವು ಹೇಳಿದ್ದು, ಗರ್ಭಕೋಶ ತೆಗೆಸ್ಲಾಕ ಹೋಗ್ಯಾಳ ಅಂತ. ಕೂದಲು ಉದುರಿದ್ದಕ್ಕೆ ಹರಕೆಯ ನೆಪ. ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದಾರೆ, ‘ಆ ಮನೆತನದಾಗ ಆ ರೋಗ ಅದ’ ಅಂದರೆ ಯಾರು ಬರ್ತಾರೆ ಅಂತ ಹಿರಿಯರ ಲೆಕ್ಕ. ನಾನೂ ಆ ಲೆಕ್ಕಕ್ಕೆ ತಲೆಯಾಡಿಸಿದವಳೇ. ಆಗ ಮದುವೆಯಾಗಬೇಕಿದ್ದವಳು ನಾನು.

ಫಾರ್ಮ್ ಇಸಿದುಕೊಂಡು ‘ಇಲ್ಲ’ ಹೊಡೆದು ‘ಹೌದು’ ಬರೆದೆ. ತಂಗಿ ನನ್ನನ್ನು ನೋಡಿದಳು. ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ.

“ದೊಡ್ಡವ್ವ ಆ ದಿನ ಅಡಗಿ ಮನ್ಯಾಗ ಒಬ್ಬಾಕೇ ಕೂತು ಅಳಲಕತ್ತಿದ್ಳು ಅಕ್ಕ. ಹೊಟ್ಟಿನೋವು ಅಂದ್ಳು. ನಾ ಖರೆ ಅಂದ್ಕೊಂಡೆ” ಅಂದಳು ಆಮೇಲೆ.

ಡಾಕ್ಟರಮ್ಮ ಹೆದರಿಸಲಿಲ್ಲ. ದೊಡ್ಡವ್ವನಿಗೆ ಬಂದ ಮಾತ್ರಕ್ಕೆ ತಂಗಿಗೂ ಬರುತ್ತದೆ ಅಂತಿಲ್ಲ, ಇಂಪ್ಲಾಂಟ್ ಹಾಕಿಸಲೇಬಾರದು ಅಂತಲೂ ಇಲ್ಲ ಅಂದರು. ಆದರೆ ಇಂಪ್ಲಾಂಟ್ ಇದ್ದರೆ ಮ್ಯಾಮೊಗ್ರಾಮಿನಲ್ಲಿ ಒಂದಿಷ್ಟು ಭಾಗ ಮರೆಯಾಗುತ್ತದೆ, ಅದನ್ನು ಸರಿಸಿ ಹೆಚ್ಚುವರಿ ಚಿತ್ರ ತೆಗೆಯಬೇಕಾಗುತ್ತದೆ. ಆದ್ದರಿಂದ ಮೊದಲು ಈಗಿನ ಸ್ಥಿತಿ ನೋಡಿಕೊಳ್ಳಬೇಕು. ಅವಳ ವಯಸ್ಸಿಗೆ ಅಲ್ಟ್ರಾಸೌಂಡ್ ಸಾಕು. ಅದು ಆಗುವ ತನಕ ಆಪರೇಷನ್ ಮಾತೇ ಬೇಡ ಅಂದರು.

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: “ಕ್ಯಾನ್ಸರ್ ಆಗಿದ್ದು ನಿಮ್ಮ ತಾಯಿಗೆ. ನೀವು ತೋರಿಸಿಕೊಂಡಿದ್ದೀರಾ?”

ನನಗೆ 34. ಒಂದು ಸಲವೂ ತೋರಿಸಿಕೊಂಡಿರಲಿಲ್ಲ. ತಾಯಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ ಮಗಳ ತಪಾಸಣೆ ಶುರುವಾಗಬೇಕು ಅನ್ನುವುದು ಸಾಮಾನ್ಯ ಲೆಕ್ಕವಂತೆ. ನನಗೆ ಉಳಿದಿದ್ದು ಎರಡೇ ವರ್ಷ. ಊರಿಂದ ಮುಚ್ಚಿಡಲು ಹೋಗಿ ನನ್ನಿಂದಲೇ ಮುಚ್ಚಿಟ್ಟುಕೊಂಡಿದ್ದೆ.

ನೀವು ಹೋಗುವುದಾದರೆ ಕೇಳಿ

– ಆಪರೇಷನ್ ಮಾಡುವವರ ಓದು ಏನು? ಮಾತಾಡಿಸಿದ ಡಾಕ್ಟರೇ ಮಾಡುತ್ತಾರಾ?
– ಅರಿವಳಿಕೆ ತಜ್ಞರು, ಆಕ್ಸಿಜನ್, ಐಸಿಯು ಅಲ್ಲೇ ಇವೆಯಾ? ಆಸ್ಪತ್ರೆಗೆ ಕೆಪಿಎಂಇ ನೋಂದಣಿ ಇದೆಯಾ? ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗೆ ಇದು ಕಡ್ಡಾಯ.
– ಇಂಪ್ಲಾಂಟಿನ ಕಂಪನಿ, ಮಾದರಿ, ಮೇಲ್ಮೈ, ಗಾತ್ರ ಏನು? ಸೀರಿಯಲ್ ನಂಬರ್ ಇರುವ ಕಾರ್ಡನ್ನು ನನ್ನ ಕೈಗೆ ಕೊಡುತ್ತೀರಾ?
– ನನ್ನ ಎದೆಯ ಅಗಲಕ್ಕೆ ಯಾವ ಗಾತ್ರ ಹೊಂದುತ್ತದೆ? ಬ್ರಾದೊಳಗೆ ಇಟ್ಟು ನೋಡುವ ಸ್ಯಾಂಪಲ್ ಇದೆಯಾ?
– ಮತ್ತೆ ಆಪರೇಷನ್ ಬೇಕಾದರೆ ಖರ್ಚು ಯಾರದು?

ಉತ್ತರ ಸಿಕ್ಕ ದಿನವೇ ಹಣ ಕಟ್ಟಬೇಡಿ, ಮನೆಗೆ ಬಂದು ಯೋಚಿಸಿ. ನಂಬಿಕೆಯ ಒಬ್ಬರಿಗಾದರೂ ಹೇಳಿ ಹೋಗಿ. ಆಮೇಲೆ ಜ್ವರ, ಒಂದೇ ಬದಿಗೆ ದಿಢೀರ್ ಊತ, ಕೆಂಪು, ಉಸಿರಾಟದ ತೊಂದರೆ ಕಂಡರೆ ಕಾಯಬೇಡಿ.

ಕಮಲಾಪುರದಲ್ಲಿ

ತಂಗಿಯ ಅಲ್ಟ್ರಾಸೌಂಡ್ ಸ್ವಚ್ಛ ಬಂತು. ನಾನೂ ಕಲಬುರಗಿಯಲ್ಲೇ ತೋರಿಸಿಕೊಂಡೆ, ಈ ಸಲ ಗುರುತಿನವರು ಸಿಕ್ಕರೆ ಸಿಗಲಿ ಅಂತ. ಏನೂ ಇಲ್ಲ, ವರ್ಷಕ್ಕೊಮ್ಮೆ ಬನ್ನಿ ಅಂದಿದ್ದಾರೆ. ನಮ್ಮೂರಲ್ಲೇ ಕಿದ್ವಾಯಿಯ ಕೇಂದ್ರವಿದೆ. ಎದೆಯಲ್ಲಿ ಗಂಟು, ತೊಟ್ಟಿನಿಂದ ರಕ್ತ ಕಂಡರೆ ತೋರಿಸಲು ದೂರ ಹೋಗಬೇಕಿಲ್ಲ.

ಮುಂದಿನ ಭಾನುವಾರ ಇಬ್ಬರೂ ಅವ್ವನ ಮುಂದೆ ಕೂತು ಎಲ್ಲ ಹೇಳಿದೆವು, ತಂಗಿಯ ಆಸೆಯನ್ನೂ ಸೇರಿಸಿ. ಅವ್ವ ಬೈಯಲಿಲ್ಲ. ರೊಟ್ಟಿ ತಟ್ಟುವುದು ನಿಲ್ಲಿಸಿ ಅವಳನ್ನು ಹತ್ತಿರ ಕೂಡಿಸಿಕೊಂಡಳು. “ನಿಂಗ ಇದ್ದದ್ದು ಸಣ್ಣದು ಅಂತ ಸಂಕಟ. ನಾ ಒಂಬತ್ತ ವರ್ಷದಿಂದ ಬ್ಲೌಸಿನ್ಯಾಗ ಹತ್ತಿ ತುಂಬ್ಕೊಂಡು ಜಾತ್ರಿಗೆ ಹೋಗೀನಿ. ಇಬ್ರೂ ಪಿನ್ನಿನ ಮ್ಯಾಲೇ ಬದುಕೀವಿ ನೋಡು” ಅಂದಳು.

ಕ್ಯಾನ್ಸರ್ ಆದವರಿಗೆ ಇದೇ ಇಂಪ್ಲಾಂಟ್ ಇಟ್ಟು ಅಥವಾ ಹೊಟ್ಟೆಯ, ಬೆನ್ನಿನ ಮಾಂಸ ತಂದು ಸ್ತನ ಕಟ್ಟಿಕೊಡುತ್ತಾರೆ, ಅದಕ್ಕೆ ವಿಮೆಯ ತಡೆಯೂ ಇಲ್ಲ ಅಂತ ಹೇಳಿದೆ. ಅವ್ವ ಕೈ ಅಡ್ಡ ಆಡಿಸಿದಳು. “ನನಗಿನ್ನ ಕೊಯ್ಸೋದು ಬ್ಯಾಡವ್ವ.” ಆಪರೇಷನ್ ಇಲ್ಲದೆ ಬ್ರಾದೊಳಗೆ ಇಟ್ಟುಕೊಳ್ಳುವ ಸಿಲಿಕಾನಿನದೂ ಸಿಗುತ್ತದೆ ಅಂದೆ. ಸುಮ್ಮನಾದಳು.

ತಂಗಿ ಇನ್ನೂ ನಿರ್ಧರಿಸಿಲ್ಲ. 30ಕ್ಕೆ ನೋಡೋಣ ಅಂತಾಳೆ, ಕೆಲವೊಮ್ಮೆ ಮುಂದಿನ ವರ್ಷವೇ ಅಂತಾಳೆ. ಮಾಡಿಸಿದರೆ ಜೋಡಿ ಹೋಗುವವಳು ನಾನೇ.

ಸಂಜೆ ಬಸ್ಸಿಗೆ ಬಿಡಲು ಬಂದ ಅವ್ವ, ಕೆಂಪು ಬಾಳೆಹಣ್ಣಿನ ಚೀಲ ಕೈಗಿಡುತ್ತಾ ಮೆಲ್ಲಗೆ ಕೇಳಿದಳು: “ಆ ಬ್ರಾದಾಗ ಇಡೋದು ಅಂದೆಲ್ಲ, ಎಷ್ಟಕ್ಕ ಸಿಗ್ತದ?”